ಜೀವನಾಂಶದ ಆದೇಶ: ಹೆಚ್ಚಿಸುವುದು, ಇಳಿಸುವುದು, ನಿಲ್ಲಿಸುವುದು

ವಿಚ್ಛೇದನವಾಗಿ ವರ್ಷಗಳು ಕಳೆದ ಮೇಲೆ ಜೀವನಾಂಶದ ಮೊತ್ತ ಸಾಲುತ್ತಿಲ್ಲ ಎನ್ನುವವರು, ಕಟ್ಟಲಾಗುತ್ತಿಲ್ಲ ಎನ್ನುವವರು, ಇಬ್ಬರ ಪತ್ರಗಳೂ ಈ ಸಲ ಬಂದಿವೆ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ. ಊರಿನ ಹೆಸರಷ್ಟೇ ಉಳಿಸಿಕೊಂಡಿದ್ದೇವೆ.

2013ರಲ್ಲಿ ವಿಚ್ಛೇದನವಾಯಿತು. ತಿಂಗಳಿಗೆ 6,000 ರೂಪಾಯಿ ಎಂದು ಕೋರ್ಟು ಹೇಳಿತ್ತು, ಇವತ್ತಿಗೂ ಅಷ್ಟೇ ಬರುತ್ತಿದೆ. ಅವರು ಸರ್ಕಾರಿ ಶಾಲೆಯ ಶಿಕ್ಷಕರು. ನನಗೀಗ ಸಕ್ಕರೆ ಕಾಯಿಲೆ, ಹೊಲಿಗೆ ಕೆಲಸ ಮೊದಲಿನಂತೆ ಆಗುವುದಿಲ್ಲ. ಮತ್ತೆ ಕೇಳಬಹುದೆ? ಹಿಂದಿನ ವರ್ಷಗಳದ್ದೂ ಸಿಗುತ್ತದೆಯೆ?
— ಓದುಗರು, ದಾವಣಗೆರೆ

ಕೇಳಬಹುದು. ಆದರೆ ಯಾವ ಕಾನೂನಿನಡಿ ಆ 6,000 ಬಂದಿದೆ ಎಂದು ಮೊದಲು ತಿಳಿದುಕೊಳ್ಳಿ. ಆದೇಶದ ಮೊದಲ ಪುಟದಲ್ಲಿ ಕೇಸಿನ ನಂಬರ್ ನೋಡಿ. ‘ಎಂ.ಸಿ.’ ಎಂದಿದ್ದರೆ ಅದು ವಿಚ್ಛೇದನದ ಕೇಸಿನಲ್ಲೇ ಸಿಕ್ಕಿದ್ದು. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 25(2)ರಲ್ಲಿ ಬದಲಾವಣೆ ಕೇಳಬೇಕು. ‘ಕ್ರಿಮಿನಲ್ ಮಿಸ್’ ಎಂದಿದ್ದರೆ ಅದು ಸಿಆರ್‌ಪಿಸಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆ) 125ರ ಆದೇಶ. ಅದನ್ನು ಬದಲಿಸುವ ದಾರಿ ಮೊದಲು ಸೆಕ್ಷನ್ 127 ಆಗಿತ್ತು. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದರಲ್ಲಿ ಜೀವನಾಂಶ ಸೆಕ್ಷನ್ 144, ಬದಲಾವಣೆ ಸೆಕ್ಷನ್ 146. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆದೇಶವಾದರೆ ಅದೇ ಕಾಯ್ದೆಯ 25(2). ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರಿಗೆ ಸೆಕ್ಷನ್ 37.

ಇಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ಆದೇಶ ಇದ್ದ ಹಾಗೇ ಇರಲಿ ಎಂದು ಬಿಟ್ಟು ಬೇರೊಂದು ಕಾಯ್ದೆಯಡಿ ಹೊಸ ಕೇಸು ಹಾಕುತ್ತಾರೆ. 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಹಿಂದಿನ ಆದೇಶ ಬದಲಾಗಬೇಕಿದ್ದರೆ ಅದೇ ಕೇಸಿನಲ್ಲಿ ಬದಲಾಗಬೇಕು, ಬೇರೆ ಕೇಸು ಹಾಕುವುದಾದರೆ ಹಿಂದಿನದ್ದನ್ನು ಮುಚ್ಚಿಡುವಂತಿಲ್ಲ. ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಎರಡನೆಯದು, ‘ಸಾಲುವುದಿಲ್ಲ’ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದಿಲ್ಲ. ಕಾನೂನು ಕೇಳುವುದು ‘ಪರಿಸ್ಥಿತಿಯಲ್ಲಿ ಬದಲಾವಣೆ’, ಅದೂ ಆದೇಶದ ನಂತರ ಆದದ್ದು. 2013ರಲ್ಲೇ ಮೊತ್ತ ಕಡಿಮೆಯಾಗಿತ್ತು ಎನ್ನುವ ವಾದಕ್ಕೆ ಆಗಲೇ ಮೇಲ್ಮನವಿ ಹಾಕಬೇಕಿತ್ತು, ಈಗ ಅದನ್ನು ಎತ್ತಿದರೆ ನಿಮಗೇ ತೊಂದರೆ. ನಿಮ್ಮ ಕೈಯಲ್ಲಿ ಒಳ್ಳೆಯ ಬದಲಾವಣೆಗಳೇ ಇವೆ. ಒಂದು, ನಿಮ್ಮ ಕಾಯಿಲೆ. ಎರಡು, ಹೊಲಿಗೆಯ ಆದಾಯ ಕುಸಿದದ್ದು. ಮೂರು, ಅವರ ಸಂಬಳ. 2013ರ ನಂತರ ರಾಜ್ಯದಲ್ಲಿ ಆರನೆಯ ಮತ್ತು ಏಳನೆಯ ವೇತನ ಆಯೋಗಗಳ ಪರಿಷ್ಕರಣೆ ಎರಡೂ ಜಾರಿಯಾಗಿವೆ, ಏಳನೆಯದು 2024ರ ಆಗಸ್ಟ್ 1ರಿಂದ. 2013ರ ಕಡತದಲ್ಲಿ ಅವರ ಆಗಿನ ಸಂಬಳದ ಚೀಟಿ ಇದ್ದರೆ ಅದರ ಪ್ರಮಾಣೀಕೃತ ನಕಲು ತೆಗೆಸಿ. ಈಗಿನದ್ದನ್ನು ಅವರು ತಾವಾಗಿ ಕೊಡದಿದ್ದರೆ ವೇತನ ಬಟವಾಡೆ ಅಧಿಕಾರಿಯಿಂದ ತರಿಸುವಂತೆ ಕೋರ್ಟನ್ನು ಅರ್ಜಿ ಮೂಲಕ ಕೇಳಿ. ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಅರ್ಧ ವಾದ ಅಲ್ಲಿಗೇ ಮುಗಿಯಿತು.

ಆ ಚೀಟಿಯಲ್ಲಿ ‘ಕೈಗೆ ಸಿಗುವ ಸಂಬಳ’ ಎಂಬ ಕೊನೆಯ ಸಾಲನ್ನು ನಂಬಬೇಡಿ. ಆದಾಯ ತೆರಿಗೆ, ವೃತ್ತಿ ತೆರಿಗೆಯಂಥ ಕಡ್ಡಾಯ ಕಡಿತಗಳನ್ನು ಕೋರ್ಟು ಒಪ್ಪುತ್ತದೆ. ಸೊಸೈಟಿ ಸಾಲ, ಎಲ್‌ಐಸಿ, ಹಬ್ಬದ ಮುಂಗಡ, ಮನೆ ಸಾಲದ ಕಂತು ಇವೆಲ್ಲ ಅವರೇ ಮಾಡಿಕೊಂಡದ್ದು. ಅವನ್ನು ಕಳೆದು ಉಳಿದದ್ದೇ ನನ್ನ ಆದಾಯ ಎನ್ನುವ ವಾದವನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎಷ್ಟು ಕೇಳಬೇಕು? 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಂಡನ ನಿವ್ವಳ ಸಂಬಳದ ಶೇ 25 ನ್ಯಾಯಯುತ ಎಂದಿತ್ತು. ಅದನ್ನು ಸೂತ್ರವೆಂದು ತಿಳಿಯಬೇಡಿ, ಅಳತೆಗೋಲಷ್ಟೇ. ನಿವ್ವಳ 78,000 ಇದ್ದರೆ ಆ ಲೆಕ್ಕಕ್ಕೆ 19,500 ಆಗುತ್ತದೆ. ಅದರ ಜೊತೆಗೆ ನಿಮ್ಮ ತಿಂಗಳ ಖರ್ಚಿನ ಪಟ್ಟಿಯೂ ಇರಲಿ: ಬಾಡಿಗೆ, ದಿನಸಿ, ಕರೆಂಟು, ಮಾತ್ರೆ, ರಕ್ತಪರೀಕ್ಷೆ. ಔಷಧಿಯಂಗಡಿಯ ಬಿಲ್ಲುಗಳನ್ನು ಕನಿಷ್ಠ ಆರು ತಿಂಗಳದ್ದು ತಾರೀಖಿನ ಪ್ರಕಾರ ಜೋಡಿಸಿಡಿ. ರಜನೀಶ್–ನೇಹಾ ತೀರ್ಪು ಕಡ್ಡಾಯ ಮಾಡಿದ ಆಸ್ತಿ–ಸಾಲಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕು. ಹೊಲಿಗೆಯಿಂದ ಬರುವ ಎರಡು–ಮೂರು ಸಾವಿರವನ್ನೂ ಅದರಲ್ಲಿ ಬರೆಯಿರಿ. ಸ್ವಲ್ಪ ದುಡಿಯುತ್ತೀರಿ ಎಂಬ ಕಾರಣಕ್ಕೆ ಜೀವನಾಂಶ ಹೋಗುವುದಿಲ್ಲ, ‘ಆದಾಯ ಸೊನ್ನೆ’ ಎಂದು ಬರೆದು ಸಿಕ್ಕಿಬಿದ್ದರೆ ಮಾತ್ರ ಕಷ್ಟ.

ಹಿಂದಿನ ವರ್ಷಗಳ ವ್ಯತ್ಯಾಸ ಸಿಗುವುದಿಲ್ಲ. ಹೆಚ್ಚಳವನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಕೊಡುತ್ತಾರೆ, ಕೆಲವೊಮ್ಮೆ ಆದೇಶದ ದಿನದಿಂದ. ನೀವು ಸುಮ್ಮನಿದ್ದ ಪ್ರತಿ ತಿಂಗಳೂ ನಷ್ಟವೇ. ಆದ್ದರಿಂದ ಎಲ್ಲ ದಾಖಲೆ ಕೂಡಲಿ ಎಂದು ಕಾಯದೆ ಅರ್ಜಿ ಹಾಕಿಬಿಡಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು. ವಕೀಲರ ಫೀಸಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ಸಹಾಯವಾಣಿ 15100.

ಮಾಜಿ ಪತ್ನಿಗೆ ತಿಂಗಳಿಗೆ 45,000 ಕೊಡಬೇಕೆಂದು ಆದೇಶವಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಹೋಯಿತು. ಐದು ತಿಂಗಳಿಂದ ಕಟ್ಟಿಲ್ಲ. ಈಗ ವಸೂಲಿಯ ನೋಟಿಸ್ ಬಂದಿದೆ. ಕೆಲಸವೇ ಇಲ್ಲದಿರುವಾಗ ಎಲ್ಲಿಂದ ತರಲಿ?
— ಓದುಗರು, ಬೆಂಗಳೂರು

ಕೆಲಸ ಹೋದ ದಿನವೇ ಆದೇಶವೂ ಹೋಯಿತು ಎಂದುಕೊಂಡಿರಿ. ಅಲ್ಲೇ ತಪ್ಪಾಯಿತು. ಕೋರ್ಟು ಬದಲಿಸುವವರೆಗೆ ಪ್ರತಿ ತಿಂಗಳ 45,000 ಸಾಲವಾಗಿ ಬೆಳೆಯುತ್ತಲೇ ಇರುತ್ತದೆ. ನಿಮ್ಮ ಬಾಕಿ ಈಗ 2,25,000. ಇಳಿಸಿ ಎಂದು ಇಂದು ಅರ್ಜಿ ಹಾಕಿದರೂ ಅದು ಮುಂದಿನ ತಿಂಗಳುಗಳಿಗೆ, ಕೂಡಿಬಿದ್ದ ಬಾಕಿಯನ್ನು ಅಳಿಸಿಹಾಕುವುದು ಬಹಳ ಅಪರೂಪ.

125 ಅಥವಾ 144ರ ಆದೇಶವಾಗಿದ್ದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬಹುದು, ನಿಮ್ಮ ಐದೂ ತಿಂಗಳು ಅದರೊಳಗೇ ಬರುತ್ತವೆ. ಕಾರಣವಿಲ್ಲದೆ ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರವಿದೆ. ಜೈಲಿಗೆ ಹೋಗಿಬಂದರೆ ಸಾಲ ತೀರಿತು ಎಂಬ ಮಾತು ಕೋರ್ಟಿನ ಜಗಲಿಯಲ್ಲಿ ಇನ್ನೂ ಓಡಾಡುತ್ತದೆ. ಅದು ಸುಳ್ಳು. ಜೈಲು ಕಟ್ಟಿಸಿಕೊಳ್ಳುವ ದಾರಿಯೇ ಹೊರತು ಕಟ್ಟಿದ್ದಕ್ಕೆ ಸಮವಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಈ ವಾರ ಮಾಡಬೇಕಾದ್ದು ಮೂರು. ಒಂದು, ಕೈಲಾದಷ್ಟು ಹಣವನ್ನು, ಹತ್ತು ಸಾವಿರವಾದರೂ ಸರಿ, ಆಕೆಯ ಖಾತೆಗೆ ಹಾಕಿ. ‘ಜೀವನಾಂಶ, ಇಂಥ ತಿಂಗಳದ್ದು’ ಎಂದು ಷರಾದಲ್ಲಿ ಬರೆಯಿರಿ. ಕೈಗೆ ಕೊಟ್ಟ ನಗದು, ಮಗನಿಗೆ ಕೊಡಿಸಿದ ಸೈಕಲ್ಲು, ಮಾವನ ಮನೆಗೆ ಕಳಿಸಿದ ಅಕ್ಕಿ ಮೂಟೆ ಲೆಕ್ಕಕ್ಕೆ ಬರುವುದಿಲ್ಲ. ಎರಡು, ವಸೂಲಿ ಕೇಸಿಗೆ ಹಾಜರಾಗಿ ಬಾಕಿಗೆ ಕಂತು ಕೇಳಿ. ನೋಟಿಸ್ ತೆಗೆದುಕೊಳ್ಳದೆ ತಪ್ಪಿಸಿಕೊಂಡವರಿಗೇ ವಾರಂಟ್ ಬೇಗ ಬರುತ್ತದೆ. ಮೂರು, ಮೂಲ ಕೇಸಿನಲ್ಲಿ ಮೊತ್ತ ಇಳಿಸಲು ಅರ್ಜಿ, ಅದರ ಜೊತೆಗೇ ತೀರ್ಮಾನವಾಗುವವರೆಗೆ ತಾತ್ಕಾಲಿಕವಾಗಿ ಕಡಿಮೆ ಮಾಡಲು ಮಧ್ಯಂತರ ಅರ್ಜಿ.

ಈ ಅರ್ಜಿ ಗೆಲ್ಲುವುದೂ ಸೋಲುವುದೂ ಕೆಲಸ ಹೇಗೆ ಹೋಯಿತು ಎಂಬುದರ ಮೇಲೆ. ಕಂಪನಿಯೇ ತೆಗೆದಿದ್ದರೆ ಆ ಪತ್ರ ಇಡಿ. ನೀವೇ ರಾಜೀನಾಮೆ ಕೊಟ್ಟಿದ್ದರೆ, ಅದರಲ್ಲೂ ಆದೇಶ ಬಂದ ಒಂದೆರಡು ತಿಂಗಳಲ್ಲೇ ಕೊಟ್ಟಿದ್ದರೆ, ಕೋರ್ಟು ನಿಮ್ಮ ಕೈಗೆ ಬರುವುದನ್ನು ಬಿಟ್ಟು ನೀವು ಗಳಿಸಬಲ್ಲಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಮೈಯಲ್ಲಿ ಶಕ್ತಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಪ್ರಾಮಾಣಿಕತೆಗೆ ಒಳ್ಳೆಯ ಸಾಕ್ಷಿ ಪಿಎಫ್ ಪಾಸ್‌ಬುಕ್. ಕಂಪನಿಯ ವಂತಿಗೆ ಯಾವ ತಿಂಗಳು ನಿಂತಿತು ಎಂದು ಅದು ತಾರೀಖಿನೊಂದಿಗೆ ತೋರಿಸುತ್ತದೆ. ಬೇರೆ ಕಡೆ ಸೇರಿಕೊಂಡು ಮುಚ್ಚಿಟ್ಟಿದ್ದರೂ ಅದೇ ಪಾಸ್‌ಬುಕ್ಕು, ಆದಾಯ ತೆರಿಗೆಯ 26ಎಎಸ್ ಹಾಳೆ (ನಿಮ್ಮ ಹೆಸರಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ಹೇಳಿಬಿಡುತ್ತವೆ. ಎದುರಿನ ವಕೀಲರು ಮೊದಲು ಕೇಳುವುದೂ ಅವನ್ನೇ. ಜೊತೆಗೆ ಕೆಲಸ ಬಿಡುವಾಗ ಸಿಕ್ಕ ಅಂತಿಮ ಲೆಕ್ಕದ ಚೀಟಿ, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸ ಹುಡುಕುತ್ತಿರುವುದಕ್ಕೆ ಇಮೇಲ್‌ಗಳು. ಬಿಡುವಾಗ ಎಂಟು ಲಕ್ಷ ಸಿಕ್ಕಿದ್ದು ಮುಚ್ಚಿಟ್ಟು ‘ಐದು ತಿಂಗಳಿಂದ ಬರಿಗೈ’ ಎಂದರೆ ಅಲ್ಲಿಗೇ ಅರ್ಜಿ ಬಿತ್ತು.

ಆದೇಶವನ್ನು ಪೂರ್ತಿ ರದ್ದು ಮಾಡಿ ಎಂದು ಕೇಳಬೇಡಿ. ಕೆಲಸ ಸಿಗುವವರೆಗೆ ಇಷ್ಟು, ಸಿಕ್ಕಿದ ತಿಂಗಳಿಂದ ಮತ್ತೆ ಇಷ್ಟು ಎಂದು ಕೇಳಿದರೆ ಒಪ್ಪುವ ಸಂಭವ ಹೆಚ್ಚು.

2018ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ. 12 ಲಕ್ಷ ಇಡಿಗಂಟು ಪಡೆದು, ಮುಂದೆ ನನಗಾಗಲಿ ಮಗಳಿಗಾಗಲಿ ಏನೂ ಕೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೆ. ಮಗಳಿಗೀಗ 17, ದ್ವಿತೀಯ ಪಿಯು. ಎಂಜಿನಿಯರಿಂಗ್ ಓದಿಸಬೇಕು. ದಾರಿಯಿದೆಯೆ?
— ಓದುಗರು, ಮೈಸೂರು

ನಿಮ್ಮ ಪಾಲಿಗೆ ದಾರಿ ಕಿರಿದು, ಮಗಳ ಪಾಲಿಗೆ ಅಗಲ.

ಮಗುವಿನ ಹಕ್ಕು ಮಗುವಿನದು. ಅದನ್ನು ತಾಯಿ ಸಹಿ ಹಾಕಿ ಬಿಟ್ಟುಕೊಡಲಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಲ್ಲಿ ಮಕ್ಕಳ ಪಾಲನೆ, ವಿದ್ಯಾಭ್ಯಾಸದ ಬಗ್ಗೆ ಡಿಕ್ರಿಯ (ವಿಚ್ಛೇದನದ ಅಂತಿಮ ಆದೇಶದ) ನಂತರವೂ ಆದೇಶ ಕೇಳಬಹುದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 20ರಲ್ಲಿ ಮದುವೆಯಾಗದ ಮಗಳು ತನ್ನ ದುಡಿಮೆ ಆಸ್ತಿಯಿಂದ ಬದುಕಲಾಗದಿದ್ದರೆ 18 ದಾಟಿದ ಮೇಲೂ ಕೇಳಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ನೀವು ಅವಳ ಪರವಾಗಿ ಅರ್ಜಿ ಹಾಕಬಹುದಾದದ್ದು 18 ತುಂಬುವವರೆಗೆ ಮಾತ್ರ. ಆಮೇಲೆ ಅರ್ಜಿದಾರಳು ಅವಳೇ, ಸಹಿಯೂ ಅವಳದೇ. ವಯಸ್ಕ ಮಗಳಾಗಿ ಅಪ್ಪನ ಮೇಲೆ ಕೇಸು ಹಾಕಲು ಹಿಂಜರಿಯುವ ಹುಡುಗಿಯರೇ ಹೆಚ್ಚು, ಆದ್ದರಿಂದ ಈ ವರ್ಷವೇ ಹಾಕುವುದು ಲೇಸು.

ಎದುರಿನವರ ಮೊದಲ ವಾದ ‘ಆ 12 ಲಕ್ಷದಲ್ಲಿ ಮಗಳದ್ದೂ ಇತ್ತು’ ಎಂಬುದು. ಒಪ್ಪಂದದ ಪತ್ರ ತೆಗೆದು ಆ ಸಾಲನ್ನು ಓದಿ. ಮಗಳ ಹೆಸರಿಗೆ ಇಷ್ಟು ಎಂದು ಬೇರೆ ಬರೆದಿದೆಯೆ, ಠೇವಣಿ ಇಟ್ಟಿದ್ದರೆ ಎಷ್ಟು ಖರ್ಚಾಗಿದೆ? ಅದರ ಲೆಕ್ಕ ಕೊಡಲು ಸಿದ್ಧರಿರಿ. ಹಾಗೆಯೇ ಸೆಕ್ಷನ್ 20ರ ಹೊಣೆ ತಂದೆಯೊಬ್ಬರದಲ್ಲ, ತಾಯಿಯದೂ ಹೌದು. ನಿಮಗೆ ಸಂಬಳವಿದ್ದರೆ ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚುತ್ತಾರೆ. ‘ಓದಿಗೆ ಹಣ ಬೇಕು’ ಎಂದು ಬರೆಯುವ ಬದಲು ಕಾಲೇಜು ಶುಲ್ಕ, ಹಾಸ್ಟೆಲ್, ಪುಸ್ತಕ, ಓಡಾಟ ಎಂದು ವರ್ಷಕ್ಕೆ ಎಷ್ಟೆಷ್ಟು ಎಂಬ ನಾಲ್ಕು ಸಾಲು ಹಾಕಿ.

ನಿಮ್ಮ ಸ್ವಂತ ಜೀವನಾಂಶದ ಮಾತು. ಜೀವನಾಂಶ ಬಿಟ್ಟುಕೊಡುವ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಿಮಗೆ ಯಾರಾದರೂ ತೋರಿಸಬಹುದು. ಆ ಕೇಸಿನಲ್ಲಿ ಹೆಂಡತಿ ಪಡೆದದ್ದು ಬರೀ 8,000 ರೂಪಾಯಿ, ವಿಚ್ಛೇದನವೂ ಆಗಿರಲಿಲ್ಲ. ಒಪ್ಪಿಗೆಯ ಡಿಕ್ರಿಯಲ್ಲಿ 12 ಲಕ್ಷ ಪಡೆದವರಿಗೆ ಅದು ಹಾಗೇ ಹೊಂದುವುದಿಲ್ಲ. ಮಗಳ ಅರ್ಜಿಯ ಮೇಲೆ ಗಮನವಿಡಿ.

ಮಾಜಿ ಪತ್ನಿ ಎರಡು ವರ್ಷದ ಹಿಂದೆಯೇ ಮರುಮದುವೆಯಾಗಿದ್ದಾರೆಂದು ಈಗ ತಿಳಿಯಿತು. ಆಕೆಗೆ 10,000, ಮಗನಿಗೆ 5,000 ಕಟ್ಟುತ್ತಿದ್ದೇನೆ. ನಿಲ್ಲಿಸಿ, ಕಟ್ಟಿದ್ದನ್ನು ವಾಪಸ್ ಕೇಳಬಹುದೆ?
— ಓದುಗರು, ಹುಬ್ಬಳ್ಳಿ

ಮಗನ 5,000ವನ್ನು ಮುಟ್ಟಬೇಡಿ. ತಾಯಿ ಮರುಮದುವೆಯಾದರೂ ಮಗ ನಿಮ್ಮವನೇ.

ಆಕೆಯ 10,000 ನಿಲ್ಲಿಸಲು ಅರ್ಜಿ ಹಾಕಿ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 146ರಲ್ಲಿ ಮರುಮದುವೆಯಾದ ದಿನದಿಂದಲೇ ರದ್ದು ಮಾಡಲು ಅವಕಾಶವಿದೆ. ಹಿಂದೂ ವಿವಾಹ ಕಾಯ್ದೆಯ 25(3)ರಲ್ಲಿ ರದ್ದು ಮಾಡುವುದೋ ಬದಲಿಸುವುದೋ ಕೋರ್ಟಿನ ವಿವೇಚನೆ. ಎರಡರಲ್ಲೂ ಅರ್ಜಿಯಿಲ್ಲದೆ ತಾನಾಗಿ ಏನೂ ನಿಲ್ಲುವುದಿಲ್ಲ. ಸಾಕ್ಷಿ ಗಟ್ಟಿಯಿರಲಿ: ವಿವಾಹ ನೋಂದಣಿ ಪ್ರಮಾಣಪತ್ರ, ಲಗ್ನಪತ್ರಿಕೆ, ಮದುವೆಯಲ್ಲಿದ್ದವರ ಸಾಕ್ಷ್ಯ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಜೋಡಿ ಫೋಟೋ ಸಾಲದು.

ವಾಪಸಾತಿಯ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, 25(2)ರ ಬದಲಾವಣೆ ಮುಂದಿನ ದಿನಗಳಿಗೆ ಮಾತ್ರ, ಆದೇಶದ ಪ್ರಕಾರ ಕಟ್ಟಿದ್ದನ್ನು ಹಿಂದಕ್ಕೆ ಕೇಳುವಂತಿಲ್ಲ ಎಂದಿದೆ. ನಿಮ್ಮ ಆದೇಶ 125ರದ್ದಾಗಿದ್ದರೆ ಮರುಮದುವೆಯ ದಿನದಿಂದ ರದ್ದು ಕೇಳಿ, ಆ ದಿನದ ನಂತರದ ಬಾಕಿ ಏನಾದರೂ ಉಳಿದಿದ್ದರೆ ಅದಕ್ಕೂ ತಕರಾರು ಹಾಕಿ. ಎರಡು ವರ್ಷದ 2,40,000 ಕೈಗೆ ವಾಪಸ್ ಬರುವುದು ಬೇರೆಯೇ ಹೋರಾಟ.

ಅವರದು ಅಡಿಕೆ ತೋಟ. ಜೀವನಾಂಶ 8,000 ಇತ್ತು, ‘ಬೆಳೆ ಹೋಯಿತು, ಜಮೀನೂ ನನ್ನ ಹೆಸರಲ್ಲಿಲ್ಲ’ ಎಂದು 3,000ಕ್ಕೆ ಇಳಿಸಲು ಅರ್ಜಿ ಹಾಕಿದ್ದಾರೆ. ನಾನು ಏನು ತೋರಿಸಬೇಕು?
— ಓದುಗರು, ಚನ್ನಗಿರಿ

ನೌಕರನಾಗಿದ್ದರೆ ಒಂದು ಸಂಬಳದ ಚೀಟಿ ಸಾಕಿತ್ತು, ಬೆಳೆಗಾರನ ಆದಾಯ ಹತ್ತು ಕಡೆ ಚದುರಿರುತ್ತದೆ. ರಜನೀಶ್–ನೇಹಾ ತೀರ್ಪಿನಲ್ಲಿ ಕೃಷಿಕರಿಗೇ ಬೇರೆ ನಮೂನೆಯ ಪ್ರಮಾಣಪತ್ರವಿದೆ. ಅವರು ಸಂಬಳದಾರರ ನಮೂನೆ ತುಂಬಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಬಿಟ್ಟಿದ್ದರೆ ಮೊದಲ ತಕರಾರು ಅದೇ ಆಗಲಿ.

ಆಮೇಲೆ ಸರ್ವೆ ನಂಬರ್ ಹಿಡಿದು ಹೊರಡಿ. ಮೂಲ ಕೇಸಿನ ಹೊತ್ತಿನ ಪಹಣಿ, ಈಗಿನ ಪಹಣಿ ಎರಡನ್ನೂ ಭೂಮಿ ಕೇಂದ್ರದಿಂದ ತೆಗೆಸಿ. ಅಂದು ಅವರ ಹೆಸರಿದ್ದು ಇಂದು ತಮ್ಮನ ಹೆಸರಿದ್ದರೆ ಮ್ಯುಟೇಷನ್ (ಖಾತೆ ಬದಲಾವಣೆ) ದಾಖಲೆಯಲ್ಲಿ ತಾರೀಖು ನೋಡಿ. ನಿಮ್ಮ ಆದೇಶವಾದ ಮೇಲೆ ದಾನಪತ್ರವೋ ಹಕ್ಕುಬಿಡುಗಡೆ ಪತ್ರವೋ ಆಗಿದ್ದರೆ, ಜಮೀನು ಇಲ್ಲದ್ದಲ್ಲ, ಇಲ್ಲದಂತೆ ಮಾಡಿಕೊಂಡದ್ದು ಎಂದು ವಾದಿಸಬಹುದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆದರೆ ಆ ವ್ಯವಹಾರದ ಜೊತೆಗೆ ಅದೇ ಜಮೀನಿನ ಮೇಲೆ ಅವರು ಬ್ಯಾಂಕಿನಲ್ಲಿ ಎತ್ತಿದ ಸಾಲವೂ ಕಾಣುತ್ತದೆ. ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ವರ್ಷದ ಆದಾಯ ಎಷ್ಟು ಎಂದು ಬರೆದಿದ್ದಾರೋ ಅದನ್ನು ಕೋರ್ಟಿನ ಮೂಲಕ ತರಿಸಿ. ಬ್ಯಾಂಕಿಗೆ ಹೇಳುವ ಆದಾಯಕ್ಕೂ ಜಡ್ಜಿಗೆ ಹೇಳುವ ಆದಾಯಕ್ಕೂ ಅಜಗಜಾಂತರ ಇರುವುದು ಹೊಸತೇನಲ್ಲ.

ಅಡಿಕೆ ಮಾರಾಟ ಸಹಕಾರ ಸಂಘದ ಮೂಲಕ ಹೋಗಿದ್ದರೆ ಮಾರಾಟದ ಪಟ್ಟಿ ಸಂಘದಲ್ಲಿರುತ್ತದೆ. ಒಂದು ವರ್ಷದ್ದು ಕೇಳಬೇಡಿ, ಮೂರು ವರ್ಷದ್ದು ಕೇಳಿ. ಅಡಿಕೆ ಕೊಯ್ಲು ವರ್ಷಕ್ಕೊಂದು ಹಂಗಾಮು. ದರ ಬಿದ್ದ, ಕೊಳೆ ರೋಗ ಬಂದ ಒಂದೇ ವರ್ಷವನ್ನು ಹಿಡಿದುಕೊಂಡು ಬಂದರೆ ಚಿತ್ರ ಕೆಡುತ್ತದೆ, ಸರಾಸರಿ ತೆಗೆದರೆ ಸರಿಯಾಗುತ್ತದೆ. ಬೆಳೆ ನಿಜವಾಗಿಯೂ ಹೋಗಿದ್ದು ವಿಮೆ ಮಾಡಿಸಿದ್ದರೆ ಪರಿಹಾರ ಖಾತೆಗೆ ಬಂದಿರಬೇಕು, ಆ ಜಮೆಯನ್ನೂ ನೋಡಿ. ಹಸು ಇದ್ದರೆ ಡೇರಿಯ ಪಾಸ್‌ಬುಕ್ಕು ಮರೆಯಬೇಡಿ.

ಒಂದು ನ್ಯಾಯ ಅವರ ಕಡೆಯೂ ಇದೆ. ತಿಂಗಳಿಗೊಮ್ಮೆ ಕೈಗೆ ಹಣ ಬಾರದವರು ತಿಂಗಳಿಗೊಮ್ಮೆ ಕಟ್ಟುವುದು ಕಷ್ಟ. ಮೊತ್ತ ಇಳಿಸಬೇಡಿ, ಕೊಯ್ಲಾದ ಮೇಲೆ ಆರು ತಿಂಗಳದ್ದನ್ನು ಒಟ್ಟಿಗೆ ಕಟ್ಟಲಿ ಎಂದು ನೀವೇ ಸೂಚಿಸಿದರೆ ಕೋರ್ಟಿಗೂ ಹಿಡಿಸುತ್ತದೆ, ನಿಮ್ಮ 8,000ವೂ ಉಳಿಯುತ್ತದೆ. ಜೊತೆಗೆ ಆ ಮೊತ್ತಕ್ಕೆ ಜಮೀನಿನ ಮೇಲೆ ಭಾರ ಹೊರಿಸಲು ಕೇಳಿ; ಹಿಂದೂ ವಿವಾಹ ಕಾಯ್ದೆಯ 25(1)ರಲ್ಲಿ ಅದಕ್ಕೆ ಅವಕಾಶವಿದೆ.

ವಿಚ್ಛೇದನದ ಮಾತುಕತೆ ಮಧ್ಯಸ್ಥಿಕೆ ಕೇಂದ್ರದಲ್ಲಿ ನಡೆದಿದೆ. ತಿಂಗಳಿಗೆ 20,000ಕ್ಕೆ ಒಪ್ಪಿದ್ದಾರೆ. ಮತ್ತೆ ಮತ್ತೆ ಕೋರ್ಟು ಹತ್ತದ ಹಾಗೆ ಏನು ಬರೆಸಿಕೊಳ್ಳಲಿ? ಅವರು ನಿವೃತ್ತರಾದರೆ, ಮರುಮದುವೆಯಾದರೆ?
— ಓದುಗರು, ಉಡುಪಿ

ಏರಿಕೆಯ ಸಾಲು ಬರೆಸಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಮಹಿಳೆಯ ಶಾಶ್ವತ ಜೀವನಾಂಶವನ್ನು 50,000ಕ್ಕೆ ಏರಿಸಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ ಕೊಟ್ಟಿತು. ಅದೇ ಲೆಕ್ಕ ನಿಮಗೆ ಹಾಕಿದರೆ 20,000 ಹತ್ತು ವರ್ಷಕ್ಕೆ 25,526 ಆಗುತ್ತದೆ. ವರ್ಷಕ್ಕೆ ಶೇ 5 ಆದರೆ 32,578. ‘ಶೇ 5’ ಎಂದು ಒಪ್ಪಿಕೊಳ್ಳುವಾಗ ‘ಎಷ್ಟು ವರ್ಷಕ್ಕೊಮ್ಮೆ’ ಎಂಬ ಪದಕ್ಕೆ ಏಳು ಸಾವಿರದ ಬೆಲೆಯಿದೆ.

ನಿವೃತ್ತಿ ಬದಲಾವಣೆಯೇ, ಅವರು ಇಳಿಸಲು ಅರ್ಜಿ ಹಾಕಬಹುದು. ಆದರೆ ಗ್ರಾಚ್ಯುಟಿ, ರಜೆ ನಗದೀಕರಣ, ಪಿಂಚಣಿಯ ಪರಿವರ್ತಿತ ಮೊತ್ತ ಇವನ್ನೂ ಕೋರ್ಟು ನೋಡುತ್ತದೆ. ನಿವೃತ್ತಿಯ ನಂತರ ಎಷ್ಟು ಎಂದು ಈಗಲೇ ಒಂದು ಸಂಖ್ಯೆ ಹಾಕಿಸಿದರೆ ಆ ಜಗಳ ತಪ್ಪುತ್ತದೆ. ಅವರ ಮರುಮದುವೆ, ಹೊಸ ಮಗು ಇದ್ದರೆ ಮೊತ್ತ ಸ್ವಲ್ಪ ಇಳಿಯಬಹುದು, ಹೋಗುವುದಿಲ್ಲ. ಮೇಲೆ ಹೇಳಿದ 2017ರ ಪ್ರಕರಣದಲ್ಲಿ ಅದೇ ಕಾರಣಕ್ಕೆ 23,000 ಇದ್ದದ್ದು 20,000ಕ್ಕೆ ಇಳಿಯಿತು.

ತೆರಿಗೆಯ ವಿಚಾರವೂ ಇದೆ: ತಿಂಗಳು ತಿಂಗಳು ಬರುವ ಜೀವನಾಂಶವನ್ನು ಪಡೆದವರ ಆದಾಯವೆಂದೂ ಒಂದೇ ಸಲದ ಇಡಿಗಂಟನ್ನು ಬಂಡವಾಳವೆಂದೂ ಬಾಂಬೆ ಹೈಕೋರ್ಟ್ 1983ರಲ್ಲಿ ಬೇರ್ಪಡಿಸಿದೆ. ನಿಮಗೆ ಬೇರೆ ಆದಾಯವೂ ಇದ್ದರೆ ಸಹಿ ಹಾಕುವ ಮೊದಲು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ. ಮಗುವಿದ್ದರೆ ಅದರ ಮೊತ್ತವನ್ನು ನಿಮ್ಮದರ ಜೊತೆ ಬೆರೆಸದೆ ಬೇರೆ ಸಾಲಿನಲ್ಲಿ ಬರೆಸಿ. ಹಣ ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಇಂಥ ಖಾತೆಗೆ, ಬ್ಯಾಂಕಿಗೆ ಕೊಟ್ಟ ಸ್ಥಾಯಿ ಸೂಚನೆಯ ಮೂಲಕ ಎಂದಿರಲಿ. ಖಾತೆ ನಂಬರ್ ಒಪ್ಪಂದದಲ್ಲೇ ನಮೂದಾಗಲಿ.